ಗಾಣಿಗನ ಹೆಂಡತಿಯ ಪಾಲು

"ಬುದ್ಧಿ, ಒಳ್ಳೆಯ ಊಟವೂ ಕೆಲವರ ಮೈಗೆ ಹತ್ತೋದಿಲ್ಲವಲ್ಲ, ಅದು ಅವರ ಹಣೆಬರಹವೇ?"

ಕೇಳಿದವನು ಗುರುಮಲ್ಲಪ್ಪ. ಮಠಕ್ಕೆ ನಡೆದುಕೊಳ್ಳುವ ಶಿಷ್ಯ, ಸಂಸಾರಿ. ಅವನ ಹೆಂಡತಿ ನಂಜಮ್ಮಣ್ಣಿಗೆ ಕೆಲವು ವರ್ಷಗಳಿಂದ ಗಂಟುಗಳ ಬೇನೆ. ಬೆಳಿಗ್ಗೆ ಎದ್ದರೆ ಬೆರಳು ಮಡಿಸಲು ಬರುತ್ತಿರಲಿಲ್ಲ. ಹೊರಗಿನ ರೋಗದ ಮೇಲೆ ಹೋರಾಡಬೇಕಾದ ಮೈಯ ಶಕ್ತಿಯೇ ತಿರುಗಿ ಬಿದ್ದು ಅವಳ ಗಂಟುಗಳನ್ನು ಹೊಡೆಯುತ್ತಿದೆ ಎಂದು ವೈದ್ಯರು ಹೇಳಿದ್ದರು. ಮಾತ್ರೆ ಕೊಟ್ಟಿದ್ದರು. ಕಸುವಿರುವ ಊಟ ಮಾಡಬೇಕೆಂದೂ ಒತ್ತಿ ಹೇಳಿದ್ದರು.

ಗುರುಮಲ್ಲಪ್ಪ ಅದೆಲ್ಲವನ್ನೂ ಮಾಡಿದ್ದ. ಸೊಪ್ಪು ತಂದು ಹಾಕಿದ, ಕಾಳು ತಂದು ಹಾಕಿದ, ಹಣ್ಣು ತಂದು ಹಾಕಿದ. ಬೇನೆ ಜಗ್ಗಲಿಲ್ಲ. ಈಗ ಅವನಿಗೆ ವೈದ್ಯರ ಮೇಲೆ ಸಿಟ್ಟು, ತಂದು ಹಾಕಿದ ಸೊಪ್ಪಿನ ಮೇಲೆ ಸಿಟ್ಟು, ಎಷ್ಟು ಮಾಡಿದರೂ ಗುಣ ಕಾಣದ ಹೆಂಡತಿಯ ಮೇಲಂತೂ ಹೇಳಲಾಗದ ಸಿಟ್ಟು. ಇನ್ನು ಮುಂದೆ ಇದ್ಯಾವುದನ್ನೂ ತರುವುದಿಲ್ಲ ಎಂದು ಗುರುಗಳ ಮುಂದೆಯೇ ಹೇಳಿಬಿಟ್ಟ.

ಗುರುಗಳ ಮುಖ ಕೆಂಪಾಯಿತು. ಅವರು ಸಿಟ್ಟು ಬಂದಾಗ ಬೈಯುವವರಲ್ಲ, ಕತೆ ಹೇಳುವವರು. ಬೈದಿದ್ದರೇ ವಾಸಿಯಿತ್ತು ಎನ್ನುವವರು ಮಠದಲ್ಲಿ ಹಲವರಿದ್ದರು. ಗುರುಗಳು ಅವನನ್ನು ಕೂರಲು ಹೇಳಿ ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕೇಳುವವರು ಅವನನ್ನು ಕೆಟ್ಟವನೆಂದು ಎಣಿಸಿ, ತಾವು ಬೇರೆ ಜಾತಿಯ ಮನುಷ್ಯರೆಂದು ನೆಮ್ಮದಿಯಾಗಿ ಕೂತುಬಿಡುತ್ತಾರೆ. ಅವನು ಕುಡಿಯುತ್ತಿರಲಿಲ್ಲ, ಹೆಂಡತಿಯ ಮೇಲೆ ಕೈ ಮಾಡುತ್ತಿರಲಿಲ್ಲ, ಎಣ್ಣೆಗೆ ಕಲಬೆರಕೆ ಮಾಡುತ್ತಿರಲಿಲ್ಲ. ಗಾಣದ ಎತ್ತನ್ನು ಮಗನಂತೆ ಸಾಕಿದ್ದ. ಬೆಳಿಗ್ಗೆ ಎದ್ದವನು ಮೊದಲು ಅದರ ಮುಂದೆ ನೆನೆಸಿದ ಹಿಂಡಿ ಇಡುತ್ತಿದ್ದ. ಅದು ತಿಂದು, ನೀರು ಕುಡಿದು, ಒಂದಿಷ್ಟು ಮೆಲುಕು ಹಾಕಿದ ಮೇಲೆಯೇ ನೊಗ. ಹಸಿದ ಎತ್ತನ್ನು ಗಾಣಕ್ಕೆ ಕಟ್ಟಬಾರದೆಂದು ಅವನ ಅಪ್ಪ ಕಲಿಸಿ ಹೋಗಿದ್ದ.

ಆ ಮನೆಯಲ್ಲಿ ಮನುಷ್ಯರ ಊಟಕ್ಕೂ ಒಂದು ಕ್ರಮವಿತ್ತು. ಮೊದಲು ಗಾಣಿಗ ಮತ್ತು ಅವನ ತಮ್ಮಂದಿರು. ಆಮೇಲೆ ಮಕ್ಕಳು. ಆಮೇಲೆ ಅವನ ತಾಯಿ. ಎಲ್ಲರೂ ಉಂಡು ಎದ್ದ ಮೇಲೆ ಹೆಂಡತಿ. ಯಾರೂ ಇದನ್ನು ಕಟ್ಟಳೆ ಮಾಡಿ ಹೇರಿರಲಿಲ್ಲ. ಅವಳ ತಾಯಿಯೂ ಹಾಗೇ ಉಂಡವಳು. ಅತ್ತೆಯೂ ಸೊಸೆಯಾಗಿದ್ದ ಕಾಲಕ್ಕೆ ಹಾಗೇ ಉಂಡವಳು. ಮಾಡಿದವಳು ಕೊನೆಗೆ ಉಣ್ಣುವುದು ಆ ಊರಿನಲ್ಲಿ ಮರ್ಯಾದೆ. ಕೊನೆಗೆ ಏನು ಉಳಿದಿರುತ್ತದೆ ಎಂದು ಕೇಳುವುದು ಮರ್ಯಾದೆಯಲ್ಲ.

ಎರಡನೆಯ ಮಗುವಿನ ಬಾಣಂತನ ಮುಗಿಯುತ್ತಿದ್ದಂತೆ ಅವಳ ಬೆರಳುಗಳ ಗಂಟು ಊದಿದವು. ಆಮೇಲೆ ಮಣಿಕಟ್ಟು, ಆಮೇಲೆ ಮಂಡಿ. ಮುಂಜಾನೆ ಅವಳ ಕೈ ಅವಳದೇ ಅಲ್ಲ ಎನ್ನುವಂತೆ ಇರುತ್ತಿತ್ತು. ಆ ಕೈಯಲ್ಲೇ ಅಷ್ಟು ಜನಕ್ಕೆ ಕೋಲು ಹಿಡಿದು ಮುದ್ದೆ ತಿರುವಬೇಕು. ತಿರುವುತ್ತಿದ್ದಳು. ಕಣ್ಣಲ್ಲಿ ನೀರು ಬಂದರೆ ಹೊಗೆಯ ಮೇಲೆ ಹಾಕುತ್ತಿದ್ದಳು.

ಗಾಣಿಗ ಪಕ್ಕದ ಊರಿನಿಂದ ಪಂಡಿತನನ್ನು ಕರೆತಂದ. ಪಂಡಿತ ತಿಳಿದವನು. ಕೈ ನೋಡಿ, ಕಣ್ಣು ನೋಡಿ, ಇದು ಮೈ ತನ್ನ ಮೇಲೆ ತಾನೇ ಮುನಿದ ಬೇನೆ ಎಂದ. ಬೇರುಸಮೇತ ಹೋಗುವುದಲ್ಲ, ಹೋಗುತ್ತದೆ ಎನ್ನುವವನನ್ನು ಮನೆಯೊಳಗೆ ಸೇರಿಸಬೇಡಿ, ಆದರೆ ಹಿಡಿತದಲ್ಲಿ ಇಡಬಹುದು ಎಂದ. ಅದಕ್ಕೆ ಮದ್ದು ತಪ್ಪಿಸಬಾರದು. ಮದ್ದೊಂದೇ ಸಾಲದು, ಮೈಯಲ್ಲಿ ಕಸುವಿರಬೇಕು. ದಿನವೂ ನುಗ್ಗೆಸೊಪ್ಪು, ಮೊಳಕೆ ಬಂದ ಕಾಳು, ಹುರಿದ ಎಳ್ಳು, ಗಟ್ಟಿ ಮೊಸರು, ಸಿಕ್ಕಾಗ ನೆಲ್ಲಿಕಾಯಿ. ಹೊಟ್ಟೆ ತುಂಬ ಉಂಡ ಮೇಲೆಯೇ ಮದ್ದು ನುಂಗಬೇಕು. ಇಷ್ಟು ಹೇಳಿ ಪಂಡಿತ ಹೋದ.

ಗಾಣಿಗ ಹೇಳಿದ್ದನ್ನೆಲ್ಲ ತಂದ. ತಂದದ್ದನ್ನು ಊರಿಗೆಲ್ಲ ಹೇಳಿಕೊಂಡು ಬಂದ. ಹೆಂಡತಿಗಾಗಿ ಇಷ್ಟು ಮಾಡುವ ಗಂಡಸು ಈ ಕಾಲದಲ್ಲಿ ಎಲ್ಲಿದ್ದಾನೆ ಎಂದು ಊರವರೂ ತಲೆದೂಗಿದರು.

ಸೊಪ್ಪು ಒಲೆಯ ಹತ್ತಿರ ಬಂದಾಗ ಅತ್ತೆ ಒಂದು ಮಾತು ಹೇಳಿದಳು. ಒಂದೇ ಮನೆಯಲ್ಲಿ ಸೊಸೆಗೊಂದು ಅಡಿಗೆ, ಉಳಿದವರಿಗೊಂದು ಅಡಿಗೆ ಆಗಬಾರದು, ಅಡಿಗೆ ಎರಡಾದರೆ ಮನೆ ಎರಡಾಗಲು ಹೆಚ್ಚು ಹೊತ್ತು ಬೇಡ, ಮಾಡುವುದನ್ನು ಎಲ್ಲರಿಗೂ ಮಾಡು ಎಂದಳು. ಯಾರಿಗೂ ಅದು ತಪ್ಪಾಗಿ ಕಾಣಲಿಲ್ಲ. ಸೊಸೆಗೂ ಕಾಣಲಿಲ್ಲ.

ಎಲ್ಲರಿಗೂ ಆಯಿತು. ಒಳ್ಳೆಯ ಪದಾರ್ಥ, ಒಳ್ಳೆಯ ಕೈ, ರುಚಿಗೆ ಏನು ಕಡಿಮೆ? ಸೊಪ್ಪು ಕಂಡರೆ ಮೂಗು ಮುರಿಯುತ್ತಿದ್ದ ಮೈದುನರು ಇನ್ನೊಂಚೂರು ಹಾಕಿ ಅತ್ತಿಗೆ ಎಂದು ತಟ್ಟೆ ಮುಂದೆ ಮಾಡಿದರು. ಮಕ್ಕಳು ಎಳ್ಳನ್ನು ಬೆಲ್ಲದ ಜೊತೆ ಕೇಳಿದರು. ಅತ್ತೆಗೆ ಹಲ್ಲಿಲ್ಲ, ಮೊಸರು ಅವಳಿಗೆ ಬೇಕು. ಸೊಸೆ ಬಾಣಲೆಯ ತಳದಲ್ಲಿ ಒಂದು ಸೌಟಿನಷ್ಟು ಪಲ್ಯ ಉಳಿಸಿಕೊಂಡು ನಿಂತಿರುತ್ತಿದ್ದಳು. ಆ ಹೊತ್ತಿಗೆ ಸರಿಯಾಗಿ ಯಾರಾದರೂ ಕೂಗುತ್ತಿದ್ದರು. ಅದು ನನ್ನದು ಎಂದು ಯಾವ ಸೊಸೆ ಹೇಳಿಯಾಳು? ಬಡಿಸಿಬಿಡುತ್ತಿದ್ದಳು. ಎಲ್ಲರೂ ಎದ್ದ ಮೇಲೆ ಮಡಕೆಗೆ ತಳ ಹಿಡಿದ ಹಿಟ್ಟನ್ನು ಕೆರೆದು, ನೀರುಮಜ್ಜಿಗೆಗೆ ಉಪ್ಪು ಹಾಕಿ ಕಲಸಿ ಉಂಡು, ಅದರ ಮೇಲೆ ಮದ್ದು ನುಂಗುತ್ತಿದ್ದಳು.

ಮೈದುನರ ಭುಜ ತುಂಬಿಕೊಂಡವು. ಗಾಣಿಗನ ಕೆನ್ನೆ ಹೊಳೆಯಿತು. ಅತ್ತೆಯ ಮುಖಕ್ಕೆ ಕಳೆ ಬಂತು. ಆ ಮನೆಯಲ್ಲಿ ರೋಗವಿಲ್ಲದವರೆಲ್ಲ ಗುಣವಾದರು.

ಪಂಡಿತ ಮತ್ತೆ ಬಂದ. ಊತ ಹೆಚ್ಚಾಗಿತ್ತು. ಊಟ ಹೇಗೆ ನಡೆದಿದೆ ಎಂದು ಕೇಳಿದ. ಮನೆಯಲ್ಲಿ ದಿನವೂ ಅದೇ ಅಡಿಗೆ ಎಂದು ಅತ್ತೆ ಉತ್ತರ ಕೊಟ್ಟಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪಂಡಿತ ರೋಗಿಯ ಮುಖ ನೋಡಿದ. ಅತ್ತೆಯ ಎದುರಿಗೆ ಅವಳು ತಲೆ ತಗ್ಗಿಸಿದಳು. ಅದನ್ನೇ ಹೌದೆಂದು ತಿಳಿದು ಪಂಡಿತ ಮದ್ದಿನ ಅಳತೆ ಏರಿಸಿದ.

ಬರಿಹೊಟ್ಟೆಗೆ ಆ ಮದ್ದು ಕೆಂಡವಾಯಿತು. ಹಿತ್ತಲಿಗೆ ಹೋಗಿ ಕಕ್ಕುತ್ತಿದ್ದಳು. ಕೈ ಮತ್ತಷ್ಟು ಸೋತಿತು. ಒಂದು ದಿನ ಒಲೆಯಿಂದ ಇಳಿಸುವಾಗ ಮುದ್ದೆಯ ಮಡಕೆ ಜಾರಿ ಬಿದ್ದು ಒಡೆಯಿತು. ಮಾಡಿದ ಹಿಟ್ಟೆಲ್ಲ ನೆಲದ ಪಾಲು. ಆ ಹೊತ್ತು ಗಂಡಸರು ಹಸಿದೇ ಗಾಣಕ್ಕೆ ಹೋದರು. ಹಸಿದರೆ ಹೇಗಿರುತ್ತದೆ ಎನ್ನುವುದು ಆ ಮನೆಯ ಗಂಡಸರಿಗೆ ಅವತ್ತೇ ತಿಳಿದದ್ದು, ಆದರೂ ಬುದ್ಧಿ ಬರಲಿಲ್ಲ.

ಅವತ್ತೇ ಅತ್ತೆ ಮಗನನ್ನು ಕೂರಿಸಿಕೊಂಡು, ಇವಳನ್ನು ತವರಿಗೆ ಕಳಿಸು, ಮಕ್ಕಳು ಇಲ್ಲೇ ಇರಲಿ, ಒಲೆ ನೋಡಿಕೊಳ್ಳಲು ಇನ್ನೊಂದು ಹೆಣ್ಣು ತರೋಣ ಎಂದಳು. ಸೊಸೆ ಗೋಡೆಯ ಆಚೆಗೆ ರಾಗಿ ಕೇರುತ್ತಿದ್ದಳು. ಗಂಡ ಆಗದು ಎನ್ನುತ್ತಾನೆಂದು ಕಾದಳು. ಅವನು ಆಗದು ಎನ್ನಲಿಲ್ಲ. ಪಂಡಿತ ಇನ್ನೊಂದು ಸಲ ಬಂದು ನೋಡಲಿ, ಆಮೇಲೆ ಯೋಚಿಸೋಣ ಎಂದ. ಅವಳು ಮೊರ ಕೆಳಗಿಟ್ಟಳು. ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ ಎಂದು ಹೆದರಿದಳು, ಹೆದರಿಕೆಯ ಅಡಿಯಲ್ಲಿ ಇನ್ನೇನೋ ಕುದಿಯತೊಡಗಿತು.

ಪಂಡಿತ ಬಂದ. ಊಟದ ಹೊತ್ತಿಗೇ ಬಂದ. ಬಂದವರಿಗೆ ಉಣ್ಣಿಸದೆ ಕಳಿಸುವ ಮನೆಯಲ್ಲ ಅದು. ಗಂಡಸರ ಸಾಲಿನಲ್ಲಿ ಮೊದಲ ತಟ್ಟೆ ಅವನಿಗೇ ಬಿತ್ತು. ನುಗ್ಗೆಸೊಪ್ಪಿನ ಪಲ್ಯ ಬಾಯಿಗಿಟ್ಟು ಹದವಾಗಿದೆ ಎಂದ. ಬಡಿಸು ಬಡಿಸು ಎಂದು ಅತ್ತೆ ಕೂತಲ್ಲಿಂದಲೇ ಹೇಳಿದಳು. ಸೊಸೆ ಬಡಿಸಿದಳು. ಅವನು ಮತ್ತೊಮ್ಮೆ ಹಾಕಿಸಿಕೊಂಡ. ಬಾಣಲೆಯ ತಳದಲ್ಲಿದ್ದ ಕೊನೆಯ ಸೌಟು ಅವನ ತಟ್ಟೆಗೆ ಹೋಯಿತು. ಮೊಸರೂ ಹೋಯಿತು.

ಉಣ್ಣುತ್ತಲೇ ಪಂಡಿತ ಗಾಣಿಗನ ಕಡೆ ತಿರುಗಿ, ಮದ್ದು ಏರಿಸಿ ಆಯಿತು, ಇಂಥ ಊಟವನ್ನೂ ಹಾಕುತ್ತಿದ್ದೀರಿ, ಇಷ್ಟಾದರೂ ಅವಳ ಮೈಗೆ ಹತ್ತುವುದಿಲ್ಲ ಎಂದರೆ ಅವಳ ಹಣೆಯಲ್ಲಿ ಬರೆದಿಲ್ಲ, ನನ್ನ ಕೈಯಲ್ಲಿ ಇನ್ನೇನೂ ಇಲ್ಲ ಎಂದ. ಅತ್ತೆ ಮಗನ ಮುಖ ನೋಡಿದಳು. ಮಗ ನೆಲ ನೋಡಿದ.

ಬರಿಯ ಬಾಣಲೆ ಹಿಡಿದು ನಿಂತಿದ್ದವಳು ಅದನ್ನು ಕೇಳಿದಳು. ತಾನು ಒಂದು ತುತ್ತೂ ಕಾಣದ ಅಡಿಗೆಯನ್ನು ತನ್ನ ಪಾಲಿಗೆ ಜಮೆ ಮಾಡಿ, ಈಗ ತನ್ನ ಹಣೆಯನ್ನು ಬೈಯುತ್ತಿದ್ದಾರೆ. ಅಲ್ಲಿಯವರೆಗೆ ಅವಳಿಗೆ ಬೇನೆಯ ಮೇಲೆ ಸಿಟ್ಟಿತ್ತು, ತನ್ನ ಕೈಯ ಮೇಲೆ ಸಿಟ್ಟಿತ್ತು. ಅವೆರಡೂ ಆ ಗಳಿಗೆಯಲ್ಲಿ ದಾರಿ ಬದಲಿಸಿದವು. ಅವಳು ಸಾಲಿನ ಮುಂದೆ ಬಂದು ಬಾಣಲೆಯನ್ನು ಪಂಡಿತನ ತಟ್ಟೆಯ ಪಕ್ಕದಲ್ಲಿ ಕುಕ್ಕಿದಳು.

"ಪಂಡಿತ್ರೇ, ನನ್ನ ಮದ್ದನ್ನ ಈಗ ನೀವೇ ಉಂಡ್ರಿ. ದಿನಾ ಇವರು ಉಣ್ತಾರೆ, ಇವತ್ತು ನೀವು. ನಿಮ್ಮ ಮೈಗೆ ಹತ್ತೈತಾ ನೋಡ್ಕಳಿ."

ಪಂಡಿತನ ತುತ್ತು ಬಾಯಿ ಮುಟ್ಟಲಿಲ್ಲ. ಹಿರಿಯರ ಮುಂದೆ ಇದೇನು ಮಾತು ಎಂದು ಅತ್ತೆ ಏರುದನಿಯಲ್ಲಿ ಕೇಳಿದಳು. ಸೊಸೆ ಅವಳ ಕಡೆ ತಿರುಗಲಿಲ್ಲ. ಗಂಡನನ್ನೇ ನೋಡಿದಳು.

"ಹಿಂಡಿ ತಿನ್ನಿಸ್ದೆ ಎತ್ತಿಗೆ ನೊಗ ಹೂಡಲ್ಲ ನೀವು. ನಾನು ಈ ಮನೆಗೆ ಬಂದು ಇಷ್ಟು ವರ್ಷ ಆಯ್ತು, ಒಂದು ದಿನ ಉಂಡು ಒಲೆ ಮುಂದೆ ಕೂತಿದ್ದೀನಾ? ನನ್ನ ಜಾಗಕ್ಕೆ ಇನ್ನೊಬ್ಬಳನ್ನ ತರೋ ಮುಂಚೆ, ನನ್ನ ಪಾಲು ನನಗೆ ಒಂದು ಸಲ ಹಾಕಿ ನೋಡಿ."

ಪಂಡಿತ ಎದ್ದು ಕೈ ತೊಳೆದು ಬಂದ. ಬಂದವನು ಗಾಣಿಗನಿಗೆ ಹೇಳಿದ್ದು ಇಷ್ಟು: ಮದ್ದನ್ನು ಮೊದಲಿನ ಅಳತೆಗೇ ಇಳಿಸುತ್ತೇನೆ, ನಾಳೆಯಿಂದ ಇವಳು ಉಂಡ ಮೇಲೆಯೇ ನೀವು ಉಣ್ಣಬೇಕು, ಅದು ಆಗದಿದ್ದರೆ ನನ್ನನ್ನು ಕರೆಯಬೇಡಿ. ಹೇಳುವಾಗ ಅವನ ದನಿಯಲ್ಲಿಯೂ ಸಿಟ್ಟಿತ್ತು. ಅದರಲ್ಲಿ ಅರ್ಧ ತನ್ನ ಮೇಲೆ ತನಗೇ ಬಂದ ಸಿಟ್ಟು.

ಮರುದಿನ ಅವಳು ಮುದ್ದೆ ತಿರುವಿ, ಮೊದಲ ಮುದ್ದೆಯನ್ನು ತನ್ನ ತಟ್ಟೆಗೆ ಹಾಕಿಕೊಂಡು, ಪಲ್ಯ, ಕಾಳು, ಮೊಸರು ಬಡಿಸಿಕೊಂಡು ಒಲೆಯ ಮುಂದೆ ಕೂತಳು. ಗಂಡ, ಮೈದುನರು ಬಾಗಿಲಲ್ಲಿ ನಿಂತಿದ್ದರು. ಹೊಟ್ಟೆ ಹಸಿದಿತ್ತು, ಮುಖ ಗಂಟು ಹಾಕಿಕೊಂಡಿತ್ತು. ಅತ್ತೆ ಕಾಲ ಕೆಟ್ಟಿತು ಎಂದು ಜಗುಲಿಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಗೊಣಗಿದಳು. ಮೊದಲ ತುತ್ತು ಸೊಸೆಯ ಗಂಟಲಲ್ಲಿ ಇಳಿಯಲಿಲ್ಲ. ಕಳ್ಳತನ ಮಾಡುತ್ತಿದ್ದೇನೆ ಎನ್ನಿಸಿತು. ತನ್ನ ಪಾಲನ್ನು ತಾನು ಉಣ್ಣುವಾಗ ಹಾಗೆ ಎನ್ನಿಸುವಂತೆ ಯಾರು ಮಾಡಿದರು ಎಂದು ಯೋಚಿಸಿದಳು. ಆಗ ಮತ್ತೆ ಸಿಟ್ಟು ಬಂತು. ಸಿಟ್ಟಿನಲ್ಲೇ ತುತ್ತು ಇಳಿಯಿತು. ಪೂರ್ತಿ ಉಂಡು, ಮದ್ದು ನುಂಗಿ, ಆಮೇಲೆ ಎದ್ದು ಬಡಿಸಿದಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಅವಳ ಬೇನೆ ಹೋಯಿತೇ ಎಂದು ಗುರುಮಲ್ಲಪ್ಪ ಕೇಳಿದ.

ಹೋಗಲಿಲ್ಲ ಎಂದರು ಗುರುಗಳು. ಹೋಯಿತು ಎಂದು ಹೇಳಿದರೆ ಕತೆ ಚೆನ್ನಾಗಿರುತ್ತಿತ್ತು, ಆದರೆ ಅದು ಹೋಗುವ ಬೇನೆಯಲ್ಲ. ಮದ್ದು ಹೊಟ್ಟೆಯಲ್ಲಿ ನಿಂತಿತು. ಕಕ್ಕುವುದು ನಿಂತಿತು. ಮೈಗೆ ತ್ರಾಣ ಬಂತು. ತಿಂಗಳುಗಳು ಕಳೆದ ಮೇಲೆ ಊತ ತಗ್ಗಿತು. ಮೋಡ ಕವಿದ ದಿನಗಳಲ್ಲಿ ಬೆರಳು ಮತ್ತೆ ಬಿಗಿಯುತ್ತಿತ್ತು, ಆಗ ಮೈದುನರೇ ಕೋಲು ಹಿಡಿದು ಮುದ್ದೆ ತಿರುವಿದರು, ಉಂಡೆಗಟ್ಟಿದ ಮುದ್ದೆಯನ್ನೇ ಎಲ್ಲರೂ ನುಂಗಿದರು. ತವರಿಗೆ ಕಳಿಸುವ ಮಾತು ಮತ್ತೆ ಏಳಲಿಲ್ಲ. ಮಕ್ಕಳು ಅವಳ ಮಡಿಲಲ್ಲೇ ಉಳಿದರು.

ಗುರುಮಲ್ಲಪ್ಪನ ಮುಖದಲ್ಲಿ ಸಮಾಧಾನ ಕಾಣಿಸಿತು. ಆ ಗಾಣಿಗನ ಮನೆಯವರು ಎಂಥ ಜನ ಎಂದು ಅವರನ್ನು ನಾಲ್ಕು ಮಾತು ಬೈದ. ಪಂಡಿತನನ್ನೂ ಬಿಡಲಿಲ್ಲ. ಆಮೇಲೆ ಎದ್ದು ಹೆಗಲ ಮೇಲೆ ವಸ್ತ್ರ ಹಾಕಿಕೊಂಡ.

"ನಮ್ಮನೇಲಿ ಹಾಗಿಲ್ಲ ಬುದ್ಧಿ. ನಾನು ಉಂಡು ಎದ್ದ ಮೇಲೆ ಊಟ ಆಯ್ತಾ ಅಂತ ಅವಳನ್ನ ದಿನಾ ಕೇಳ್ತೀನಿ. ಆಯ್ತು ಅಂತಾಳೆ."

ಗುರುಗಳು ಅವನನ್ನೇ ನೋಡಿದರು.

"ಕೇಳಿದ್ದು ಸರಿ ಗುರುಮಲ್ಲಪ್ಪ, ಅವಳ ತಟ್ಟೆಯನ್ನು ನೀನು ಕಣ್ಣಾರೆ ನೋಡಿದ್ದು ಯಾವತ್ತು?"