ವರದಿ ಬಾರದ ಅರವಟ್ಟಿಗೆ

“ಗುರುಗಳೇ, ಕೇಳಿದ್ದಕ್ಕೆ ಉತ್ತರವನ್ನೇ ಕೊಡದವರನ್ನು ಬಳಗದಲ್ಲಿ ಇಟ್ಟುಕೊಳ್ಳುವುದು ನ್ಯಾಯವೇ?”

ಸೌದಾಮಿನಿ ಚಾಪೆಯ ಮೇಲೆ ಕುಳಿತುಕೊಳ್ಳುವ ಮೊದಲೇ ಇದನ್ನು ಕೇಳಿದಳು. ಅವಳು ದೃಷ್ಟಿಯಿಲ್ಲದವರಿಗೆ ಪುಸ್ತಕ ಓದಿ ಹೇಳುವ ಸ್ವಯಂಸೇವಕರ ಬಳಗದ ಅಧ್ಯಕ್ಷೆ. ಬಳಗಕ್ಕೆ ಹದಿನಾಲ್ಕು ದೇಶಗಳಲ್ಲಿ ಶಾಖೆಗಳಿದ್ದವು. ಯಾರಿಗೂ ಸಂಬಳವಿರಲಿಲ್ಲ. ಹನ್ನೆರಡು ವರ್ಷಗಳ ಹಿಂದೆ ಗುರುಗಳ ಕಣ್ಣು ಹೋದಾಗ ಪ್ರತಿ ಗುರುವಾರ ಬಂದು ಅವರಿಗೆ ಓದಿ ಹೇಳಿದವಳು ಅವಳೇ. ಬಳಗ ಹುಟ್ಟಿದ್ದು ಹಾಗೆ.

“ಕುಳಿತುಕೋ ತಾಯಿ. ನೀನು ಬಂದು ವರ್ಷವಾಯಿತಲ್ಲ.”

“ಬಿಡುವೆಲ್ಲಿದೆ ಗುರುಗಳೇ? ವರದಿಗಳನ್ನು ಓದುವುದರಲ್ಲೇ ದಿನ ಮುಗಿದುಹೋಗುತ್ತದೆ.”

“ಒಳ್ಳೆಯದು. ಓದುವುದನ್ನಂತೂ ಬಿಟ್ಟಿಲ್ಲ.”

ಸೌದಾಮಿನಿ ನಗಲಿಲ್ಲ. ಕೈಚೀಲದಿಂದ ಒಂದು ನಕ್ಷೆಯನ್ನು ತೆಗೆದು ಇಬ್ಬರ ನಡುವೆ ಬಿಡಿಸಿ ಹಾಸಿದಳು. ಹದಿನಾಲ್ಕು ದೇಶಗಳನ್ನು ನಾಲ್ಕು ವಲಯಗಳಾಗಿ ಹಂಚಿ ನಾಲ್ಕು ಬಣ್ಣ ಬಳಿಯಲಾಗಿತ್ತು. ಅದನ್ನು ಸರಿಮಾಡಲು ಅವಳಿಗೆ ಎಂಟು ತಿಂಗಳು ಹಿಡಿದಿತ್ತು. ಗುರುಗಳಿಗೆ ಅದು ಕಾಣುವುದಿಲ್ಲ ಎಂಬುದು ಹಾಸಿದ ಮೇಲೆ ಅವಳಿಗೆ ನೆನಪಾಯಿತು. ಗುರುಗಳು ಕೈಚಾಚಿ ಕಾಗದವನ್ನು ಸವರಿದರು.

“ಬಹಳ ನುಣುಪಾಗಿದೆ,” ಎಂದರು. “ಒಂದು ಹಳ್ಳವಿಲ್ಲ, ದಿಬ್ಬವಿಲ್ಲ. ಯಾರು ಉತ್ತರ ಕೊಡಲಿಲ್ಲ?”

“ಮೊಂಬಾಸದ ಶಾಖೆ. ಇರುವವರು ಮೂರೇ ಹೆಂಗಸರು. ಅವರು ಪಶ್ಚಿಮ ವಲಯಕ್ಕೆ ಸೇರಿದವರು, ವಲಯದ ಕಚೇರಿ ಲಂಡನ್ನಿನಲ್ಲಿದೆ. ಅಲ್ಲಿಗೆ ಮೂರು ಸಲ ವರದಿ ಕಳುಹಿಸಬೇಕಿತ್ತು, ಮೂರು ಸಲವೂ ಬರಲಿಲ್ಲ. ಮೂರು ತಪ್ಪಿದರೆ ಶಾಖೆಯನ್ನು ಕೈಬಿಡಬೇಕೆಂಬುದು ನಿಯಮ. ನಿಯಮ ಬರೆದವಳು ನಾನು. ಸೋಮವಾರದ ಸಭೆಯಲ್ಲಿ ಸಹಿ ಹಾಕಬೇಕಾದವಳೂ ನಾನು. ಒಬ್ಬರಿಗೆ ಸಡಿಲ ಬಿಟ್ಟರೆ ಉಳಿದವರಿಗೆ ಏನು ಹೇಳಲಿ?”

ಗುರುಗಳು ಕಾಗದದ ಮೇಲಿಂದ ಕೈ ತೆಗೆಯಲಿಲ್ಲ. ಹಾಗೆಯೇ ಹೇಳತೊಡಗಿದರು.

ಬಯಲುನಾಡಿನಲ್ಲಿ ಒಂದು ದಾರಿಯಿತ್ತು. ಅದು ಮೂರು ರಾಜ್ಯಗಳನ್ನು ಹಾದು ಹೋಗುತ್ತಿತ್ತು. ದಾರಿಯುದ್ದಕ್ಕೂ ಊರಿನವರು ಅರವಟ್ಟಿಗೆಗಳನ್ನು ಇಟ್ಟಿದ್ದರು. ಒಂದು ಹುಲ್ಲಿನ ಚಪ್ಪರ, ಒಂದು ಮಣ್ಣಿನ ಕೊಡ, ನೀರು ಹೊಯ್ಯಲು ಒಬ್ಬ ಮನುಷ್ಯ. ನೀರಿಗೆ ಬೆಲೆಯಿಲ್ಲ, ಹೊಯ್ಯುವವನಿಗೆ ಕೂಲಿಯಿಲ್ಲ. ಆದರೆ ಒಂದು ಕ್ರಮವೂ ಇರಲಿಲ್ಲ. ಒಂದೂರಿನಲ್ಲಿ ಎರಡು ಚಪ್ಪರ ಎದುರುಬದುರು ನಿಂತು, ನಮ್ಮ ನೀರು ತಂಪು ನಿಮ್ಮ ನೀರು ಉಪ್ಪು ಎಂದು ಜಗಳವಾಡುತ್ತಿದ್ದವು. ಮುಂದಕ್ಕೆ ಮೂರು ಹರದಾರಿ ಹೋದರೂ ಒಂದು ತೊಟ್ಟು ಸಿಗುತ್ತಿರಲಿಲ್ಲ.

ಒಬ್ಬ ವರ್ತಕನಿದ್ದ. ಚಿಕ್ಕವನಾಗಿದ್ದಾಗ ಆ ದಾರಿಯಲ್ಲಿ ಬಾಯಾರಿ ಬಿದ್ದು ಬದುಕಿದವನು. ಅವನು ಎಲ್ಲರನ್ನೂ ಕೂಡಿಸಿದ. ಚಪ್ಪರಗಳನ್ನು ಅರ್ಧ ಹರದಾರಿಗೆ ಒಂದರಂತೆ ನಿಲ್ಲಿಸಿದ. ನಲವತ್ತು ಚಪ್ಪರಗಳಾದವು. ರಾಜ್ಯಕ್ಕೊಂದರಂತೆ ಮೂರು ಭಾಗ ಮಾಡಿ, ಆಯಾ ರಾಜಧಾನಿಯಲ್ಲಿ ಒಬ್ಬೊಬ್ಬ ಮುಖ್ಯಸ್ಥನನ್ನು ಕೂರಿಸಿದ. ಒಬ್ಬರು ನೀರು ಕುಡಿದರೆ ಒಂದು ಹುಣಿಸೆ ಬೀಜವನ್ನು ಚೀಲಕ್ಕೆ ಹಾಕಬೇಕು. ಹುಣ್ಣಿಮೆಗೆ ಚೀಲವನ್ನು ರಾಜಧಾನಿಗೆ ತಂದೊಪ್ಪಿಸಬೇಕು. ಮೂರು ಹುಣ್ಣಿಮೆ ಚೀಲ ಬಾರದಿದ್ದರೆ ಚಪ್ಪರವನ್ನು ಕೀಳಬೇಕು. ಮೊದಲ ಹಿಡಿ ಹುಲ್ಲನ್ನು ವರ್ತಕನೇ ಕೀಳಬೇಕು. ಹೀಗೆ ನಿಯಮ ಮಾಡಿದ.

“ಅದರಲ್ಲೇನೂ ತಪ್ಪಿಲ್ಲ,” ಎಂದಳು ಸೌದಾಮಿನಿ.

“ನಾನೂ ತಪ್ಪು ಎನ್ನಲಿಲ್ಲ,” ಎಂದು ಗುರುಗಳು ಮುಂದುವರಿಸಿದರು.

ಚೀಲಗಳು ಬಂದವು. ವರ್ತಕನು ಅವನ್ನು ಸಾಲಾಗಿ ಜೋಡಿಸಿಟ್ಟು ದಿನವೂ ನೋಡಿ ಸಂತೋಷಪಟ್ಟ. ಒಂದು ಜಾಗ ಮಾತ್ರ ಖಾಲಿ ಉಳಿಯಿತು. ಎರಡು ರಾಜ್ಯಗಳ ಗಡಿಯಲ್ಲಿ ಒಬ್ಬ ರೈತ ನೋಡಿಕೊಳ್ಳುತ್ತಿದ್ದ ಅರವಟ್ಟಿಗೆ ಅದು. ಮೂರು ಹುಣ್ಣಿಮೆ ಕಳೆದರೂ ಅವನ ಚೀಲ ಬರಲಿಲ್ಲ. ನಾಲ್ಕನೆಯ ಹುಣ್ಣಿಮೆಗೆ ವರ್ತಕನೇ ಹೊರಟ.

ಗಡಿ ಸಮೀಪಿಸಿದಾಗ ಒಂದು ಚಪ್ಪರ ಕಂಡಿತು. ಅದರ ಚೀಲ ಒಂದು ಸಲವೂ ತಪ್ಪಿದ್ದಿಲ್ಲ. ಅಲ್ಲಿ ಜನರಿರಲಿಲ್ಲ. ಕೊಡ ಬೋರಲು ಬಿದ್ದಿತ್ತು. ವರ್ತಕನು ಒಣಗಿದ ಬಾಯಿಯಲ್ಲೇ ಇನ್ನೂ ಅರ್ಧ ಹರದಾರಿ ನಡೆದು ರೈತನ ಚಪ್ಪರ ಸೇರಿದ. ಅಲ್ಲಿ ಕೊಡ ತುಂಬಿತ್ತು. ರೈತ ಮಾತ್ರ ಇರಲಿಲ್ಲ. ವರ್ತಕನು ತಾನೇ ಬಗ್ಗಿಸಿಕೊಂಡು ಕುಡಿದು, ತಲೆಯೆತ್ತಿ ಚಪ್ಪರದ ಹುಲ್ಲನ್ನು ನೋಡುತ್ತ ಕುಳಿತ.

ಸ್ವಲ್ಪ ಹೊತ್ತಿಗೆ ರೈತ ಆಚೆಯ ರಾಜ್ಯದ ಕಡೆಯಿಂದ ಬಂದ. ಕಂಕುಳಲ್ಲಿ ಬರಿಗೊಡವಿತ್ತು.

“ಹುಲ್ಲನ್ನು ಹಾಗೆ ನೋಡುತ್ತಿದ್ದೀರಿ ಎಂದರೆ ನೀವೇ ವರ್ತಕರು,” ಎಂದ. “ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಕಾಯುತ್ತಿದ್ದೆ. ಊರಿಗೆ ಬರುವುದಕ್ಕೇ ನಿಮಗೆ ಇಷ್ಟು ದಿನ ಬೇಕಾಯಿತು.”

“ಎಲ್ಲಿಗೆ ಹೋಗಿದ್ದೆ?”

“ಆಚೆ ಚಪ್ಪರದ ಕೊಡ ತುಂಬಿಸಿ ಬಂದೆ. ಈಗ ಈಚೆಯದಕ್ಕೆ ಹೊರಟೆ.”

“ಅವರಿಬ್ಬರೂ ಎಲ್ಲಿ?”

“ನಿಮಗೆ ಬೀಜ ಒಪ್ಪಿಸಲು ಹೋಗಿದ್ದಾರಲ್ಲ ಸ್ವಾಮಿ. ಒಬ್ಬ ಮೂಡಣ ರಾಜಧಾನಿಗೆ, ಇನ್ನೊಬ್ಬ ಪಡುವಣ ರಾಜಧಾನಿಗೆ. ಹೋಗಲು ಎರಡು ದಿನ, ಬರಲು ಎರಡು ದಿನ, ನಿಮ್ಮ ಮುಖ್ಯಸ್ಥರ ಬಾಗಿಲಲ್ಲಿ ಕಾಯಲು ಒಂದು ದಿನ. ತಿಂಗಳಿಗೆ ಐದು ದಿನ ಈ ಮೂರಕ್ಕೂ ನಾನೇ. ನಾನೂ ಹೊರಟರೆ ಕೊಡ ಹೊರುವವರು ಯಾರು?”

“ನಿನ್ನ ಬೀಜ ಎಲ್ಲಿ?”

“ಹುರಿದು ದಾರಿಯವರಿಗೆ ಕೊಟ್ಟೆ. ಬರಿಯ ನೀರಿಗೆ ಹೊಟ್ಟೆ ಕೇಳುತ್ತದೆಯೇ?”

ವರ್ತಕನಿಗೆ ಕೋಪ ಬಂತು. “ನಗಬೇಡ. ನಾನು ಬೀಜ ಕೇಳಿದ್ದು ಚೀಲ ತುಂಬಲೆಂದಲ್ಲ. ನೀನು ಜ್ವರ ಬಂದು ಮಲಗಿದರೆ ಯಾರಿಗೆ ತಿಳಿಯಬೇಕು?”

ರೈತ ಕೊಡವನ್ನು ಕೆಳಗಿಟ್ಟ. ಅವನ ನಗು ಹೋಯಿತು.

“ಆ ಮಾತು ಸರಿ,” ಎಂದ. “ಎರಡು ತಿಂಗಳ ಹಿಂದೆ ನಾಲ್ಕು ದಿನ ಮಲಗಿದ್ದೆ. ಅದು ಹುಣ್ಣಿಮೆಯ ವಾರ. ಆಚೆಯವನೂ ಇಲ್ಲ, ಈಚೆಯವನೂ ಇಲ್ಲ. ಒಬ್ಬ ಬಸುರಿ ಇಲ್ಲಿಯವರೆಗೆ ನಡೆದು ಬಂದು ಈ ಕಂಬದ ಬುಡದಲ್ಲಿ ಬಿದ್ದಳು.”

“ಉಳಿದಳೇ?”

“ಅವಳು ಉಳಿದಳು.”

ವರ್ತಕನು ಆ ಕಂಬದ ಬುಡವನ್ನು ನೋಡಿದ.

ನಕ್ಷೆಯ ಅಂಚನ್ನು ಮಡಿಸುತ್ತಿದ್ದ ಸೌದಾಮಿನಿಯ ಬೆರಳುಗಳು ನಿಂತವು. ಆ ವಾರವೂ ಚೀಲಗಳು ಸರಿಯಾಗಿ ಬಂದಿರಬೇಕು, ವರ್ತಕ ಸಂತೋಷಪಟ್ಟಿರಬೇಕು ಎಂದು ಅವಳಿಗೆ ಹೊಳೆಯಿತು. ಆ ಯೋಚನೆ ಅವಳಿಗೆ ಹಿತವಾಗಲಿಲ್ಲ.

“ಆಮೇಲೆ?” ಎಂದಳು.

ವರ್ತಕನು ಹುಲ್ಲು ಕೀಳಲಿಲ್ಲ. ರೈತನ ಬಾವಿಯಿಂದ ಕೊಡ ತುಂಬಿ ಹೆಗಲಿಗೇರಿಸಿಕೊಂಡು ಈಚೆಯ ಚಪ್ಪರಕ್ಕೆ ನಡೆದ. ತಲುಪಿದ. ಮರುದಿನ ಆಚೆಯದಕ್ಕೆ ನಡೆದ. ಅದನ್ನೂ ತಲುಪಿದ. ಅದಕ್ಕೂ ಆಚೆಯ ಚಪ್ಪರಕ್ಕೆ ಹೋಗುವಾಗ ನಡುದಾರಿಯಲ್ಲಿ ಹೆಗಲು ಸೋತು ಕೊಡವನ್ನು ಇಳಿಸಿದ. ಇಳಿಸಿದ ಜಾಗದಲ್ಲಿ ಒಂದು ಕಲ್ಲು ನೆಟ್ಟ. ತುಂಬಿದ ಕೊಡ ಹೊತ್ತು ಇಳಿಸದೆ ಮುಟ್ಟಬಹುದಾದ ಚಪ್ಪರಗಳೆಲ್ಲ ಒಂದು ಗುಂಪು, ನಡುವೆ ರಾಜರ ಗಡಿ ಹಾಯುವುದಾದರೆ ಹಾಯಲಿ ಎಂದ. ಗುಂಪಿನ ಯಜಮಾನಿಕೆ ಕೊಡ ಹೊರುವವರಿಗೇ, ಸರದಿಯ ಮೇಲೆ. ರಾಜಧಾನಿಯಲ್ಲಿ ಕುಳಿತಿದ್ದ ಮೂವರಿಗೂ ಒಂದೊಂದು ಜೊತೆ ಹೊಸ ಚಪ್ಪಲಿ ಕೊಟ್ಟ. ಇನ್ನು ಮೇಲೆ ನೀರು ಹೊಯ್ಯುವವನು ನಿಲ್ಲಬೇಕು, ಲೆಕ್ಕ ಕೇಳುವವನು ನಡೆಯಬೇಕು ಎಂದ. ಅವರಲ್ಲಿ ಇಬ್ಬರು ಚಪ್ಪಲಿಯನ್ನು ಹಿಂದಿರುಗಿಸಿದರು. ಒಬ್ಬ ಹಾಕಿಕೊಂಡು ನಡೆದ.

ಕತೆ ಮುಗಿಯಿತು. ಸೌದಾಮಿನಿ ಬೆನ್ನು ನೆಟ್ಟಗೆ ಮಾಡಿಕೊಂಡಳು. ಏನು ಮಾಡಬೇಕೆಂದು ಅವಳಿಗೆ ತಿಳಿದುಹೋಗಿತ್ತು. ತಿಳಿದ ಕೂಡಲೇ ಅದನ್ನು ಕ್ರಮವಾಗಿ ಹೇಳಿಬಿಡುವುದು ಅವಳ ಅಭ್ಯಾಸ.

“ಅರ್ಥವಾಯಿತು ಗುರುಗಳೇ. ನಾಲ್ಕು ವಲಯಗಳು ತೀರ ದೊಡ್ಡವು. ಒಬ್ಬರಿಗೊಬ್ಬರು ಒದಗಬಲ್ಲ ಶಾಖೆಗಳನ್ನು ಒಂದೊಂದು ಗುಂಪು ಮಾಡುತ್ತೇನೆ. ಮೊಂಬಾಸವನ್ನು ಲಂಡನ್ನಿನಿಂದ ಬಿಡಿಸುತ್ತೇನೆ. ಸೋಮವಾರ ಸಹಿ ಹಾಕುವುದಿಲ್ಲ. ಹೊಸ ನಕ್ಷೆ ಬರೆಸಿ, ಆ ಮೂವರಿಗೆ ಒಂದು ಖಾರವಾದ ಪತ್ರ ಹಾಕಿ, ವರದಿಗೆ ಇನ್ನಾರು ತಿಂಗಳು ಕೊಡುತ್ತೇನೆ. ಇದು ನ್ಯಾಯವಲ್ಲವೇ?”

ಗುರುಗಳು ನಕ್ಷೆಯ ಅಂಚುಗಳನ್ನು ಬೆರಳಿನಿಂದ ಹುಡುಕಿ, ಮಡಿಕೆಯ ಮೇಲೆ ಮಡಿಕೆ ಕೂರಿಸಿ, ಅವಳ ಕೈಗೆ ಕೊಟ್ಟರು.

“ಮೂರು ಸಲ ಅವರಿಂದ ಏನೂ ಬರಲಿಲ್ಲ ಎಂದೆಯಲ್ಲ ತಾಯಿ, ಅಲ್ಲಿಗೆ ನೀನು ಎಷ್ಟು ಸಲ ಹೋಗಿದ್ದೆ?”