ರೆಕ್ಕೆಯಡಿಯ ಕೀರ್ತನೆ

ಚರ್ಚಿನ ಕಾಂಪೌಂಡಿನಲ್ಲಿದ್ದ ಸಲೋಮಿ ಎಂಬ ಹೇಂಟೆ, ಮರಿಗಳ ಭಕ್ತಿಯ ಹೊಣೆಯನ್ನೆಲ್ಲ ಸಂಡೇ ಸ್ಕೂಲಿನ ಗಿಳಿ ಎಜ್ರಾ ಮೇಷ್ಟ್ರಿಗೆ ಒಪ್ಪಿಸಿ, ನಿಶ್ಚಿಂತೆಯಿಂದ ತಿಪ್ಪೆ ಕೆದಕುತ್ತಿದ್ದಳು. ಮರಿಗಳನ್ನು ಬೆಚ್ಚಗಿಡಲು ರಟ್ಟಿನ ಪೆಟ್ಟಿಗೆಯೂ ಬಲ್ಬೂ ಇದ್ದವು. ತನ್ನ ಗರಿ ಕೆಡಿಸಿಕೊಳ್ಳುವ ಅಗತ್ಯ ಅವಳಿಗೆ ಕಂಡಿರಲಿಲ್ಲ.

ಒಂದು ಭಾನುವಾರ ಪಾಠ ಮುಗಿಯುವ ಹೊತ್ತಿಗೆ ಮೇಲೆ ಹದ್ದು ಕಾಣಿಸಿತು. ಐದು ಮರಿಗಳಲ್ಲಿ ಒಂದೂ ಓಡಲಿಲ್ಲ. ಸಾಲಾಗಿ ನಿಂತು, ದೇವರ ರೆಕ್ಕೆಯಡಿ ಆಶ್ರಯ ಸಿಗುತ್ತದೆಂಬ ಕೀರ್ತನೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸತೊಡಗಿದವು. ಹದ್ದೂ ಬೆರಗಾಗಿ ಒಂದು ಸುತ್ತು ಹೆಚ್ಚು ಹಾಕಿತು. ಅಷ್ಟರಲ್ಲಿ ಸಲೋಮಿ ಎದ್ದೆನೋ ಬಿದ್ದೆನೋ ಎಂದು ಓಡಿಬಂದು ಐದನ್ನೂ ರೆಕ್ಕೆಯೊಳಗೆ ತುರುಕಿಕೊಂಡಳು.

ಹದ್ದು ಬರಿಗಾಲಲ್ಲಿ ಹಿಂದಿರುಗಿದ ಮೇಲೆ ಅವಳು ಗಿಳಿಯ ಮೇಲೆ ಹರಿಹಾಯ್ದಳು: “ಏನು ಮೇಷ್ಟ್ರೇ, ಇಷ್ಟು ದಿನ ನೀವು ಕಲಿಸಿದ್ದು ಇದನ್ನೇನಾ?”

“ಕೀರ್ತನೆ ಕಲಿಸಿದೆ ಸಲೋಮಮ್ಮಾ. ರೆಕ್ಕೆ ಮನೆಯಲ್ಲೇ ಇರುತ್ತದಲ್ಲ ಅಂದುಕೊಂಡಿದ್ದೆ.”

ಆಗ ಕಂಠಪಾಠದಲ್ಲಿ ಮೊದಲ ಬಹುಮಾನ ಗೆದ್ದಿದ್ದ ಮರಿ ಸಲೋಮಿಯ ಗರಿಗಳ ನಡುವಿನಿಂದ ತಲೆ ಹೊರಹಾಕಿತು.

“ಅಮ್ಮಾ, ಇಲ್ಲಿ ಬಹಳ ಬೆಚ್ಚಗಿದೆ. ಈ ಜಾಗಕ್ಕೆ ಏನಂತಾರೆ?”