ಹೇಸರಗತ್ತೆ ನಿಂತ ಹಳ್ಳ

ಕ್ಯಾಲಿಫೋರ್ನಿಯಾದ ಒಣ ಬಯಲಿನಲ್ಲಿ ಅನ್ಸೆಲ್ಮೊ ಎಂಬ ಸ್ಪೇನಿನ ಪಾದ್ರಿ ಹೇಸರಗತ್ತೆಯೇರಿ ಹೊರಟಿದ್ದ. ಅದು ಮೊಂಡುಹಿಡಿದು ನಿಂತಲ್ಲೆಲ್ಲ ಆತ ಪಂಚಾಂಗ ಬಿಚ್ಚಿ, ಆ ದಿನ ಯಾವ ಸಂತರ ಹಬ್ಬವೋ ಅವರ ಹೆಸರನ್ನೇ ಆ ಜಾಗಕ್ಕೆ ಇಟ್ಟುಬಿಡುತ್ತಿದ್ದ.

ಒಂದು ದಿನ ಹೇಸರಗತ್ತೆ ಹಳ್ಳವೊಂದರ ಬಳಿ ನಿಂತಿತು. "ಇವತ್ತು ಸಂತ ಪಂಕ್ರಾಸಿಯೋ ಹಬ್ಬ. ಈ ಜಾಗ ಸ್ಯಾನ್ ಪಂಕ್ರಾಸಿಯೋ!" ಎಂದು ಪಾದ್ರಿ ಶಿಲುಬೆ ನೆಟ್ಟು, ತನ್ನ ತೊಗಲುಚೀಲದ ದ್ರಾಕ್ಷಾರಸ ಕುಡಿದ.

ದಂಡೆಯ ಮೇಲಿದ್ದ ಮುದಿನರಿ, "ಅಯ್ಯಾ, ಈ ಹಳ್ಳಕ್ಕೆ ಆಗಲೇ ಒಂದು ಹೆಸರಿದೆ," ಎಂದಿತು.

"ಇರಲಾರದು. ನಾನು ಕಾಲಿಡುವ ಮುಂಚೆ ಯಾವ ಜಾಗಕ್ಕೂ ಹೆಸರಿರಲಿಲ್ಲ," ಎಂದಿತು ಹೇಸರಗತ್ತೆ.

"ಏನು ಹೆಸರೆಂದು ಕೇಳಿಯಾದರೂ ನೋಡಬಾರದೆ?"

"ಸಂತರ ಹೆಸರು ಬಂದಮೇಲೆ ನಿಮ್ಮ ಕಾಡುಹೆಸರು ಯಾರಿಗೆ ಬೇಕು?" ಎಂದು ಹೇಸರಗತ್ತೆ ಹೊಟ್ಟೆ ಬಿರಿಯುವಷ್ಟು ನೀರು ಕುಡಿಯಿತು.

ಸಂಜೆಯೊಳಗೆ ಅದು ಕಾಲು ಚಾಚಿ ಬಿತ್ತು. ಏಳು ದಿನ ಮೇಲೇಳಲಿಲ್ಲ. ಪಾದ್ರಿ ಬೇರೆ ದಾರಿ ಕಾಣದೆ ಗುಡಿಸಲು ಹಾಕಿದ, ಗಂಟೆ ಕಟ್ಟಿದ, "ಸಂತರೇ ನಮ್ಮನ್ನು ಇಲ್ಲಿ ತಡೆದರು!" ಎಂದು ಕೈಮುಗಿದ.

ಎಂಟನೆಯ ದಿನ ಹೇಸರಗತ್ತೆ ಸಣ್ಣ ದನಿಯಲ್ಲಿ ಕೇಳಿತು: "ನರಿಯಣ್ಣಾ, ಆ ಹಳೇ ಹೆಸರು ಏನು?"

"ಭೇದಿಹಳ್ಳ."

ಅಷ್ಟರಲ್ಲಿ ಇನ್ನೊಬ್ಬ ಪಾದ್ರಿಯ ಕುದುರೆ ಬಾಯಾರಿ ಬಂದು, "ಇದು ಯಾವ ಹಳ್ಳ?" ಎಂದು ಕೇಳಿತು.

ಹೇಸರಗತ್ತೆ ಕಷ್ಟಪಟ್ಟು ಎದ್ದು ನಿಂತು, ಎದೆಯುಬ್ಬಿಸಿ ಹೇಳಿತು: "ಸ್ಯಾನ್ ಪಂಕ್ರಾಸಿಯೋ. ಹೆಸರು ಬರಿಸಿದ್ದು ನಾನೇ."

ಕುದುರೆ ಭಕ್ತಿಯಿಂದ ನೀರಿಗೆ ಮೂತಿಯಿಟ್ಟಿತು.